ಅಲ್ಮಿನಿ ದೋಣಿಯೊಳಗೆ ಒಟ್ಟೆ ಮುಕ್ಕಾಲು

ಆ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಅಮ್ಮ ನನ್ನಿಂದ ಮೀನು ಬಿಡಿಸಲಿಲ್ಲ, ಮಾಂಸ ಬಿಡಿಸಲಿಲ್ಲ. ವಾದ ಬಿಡಿಸಿದರು.

“ಈಸ್ಟರ್‌ವರೆಗೆ ಯಾರ ಹತ್ತಿರವೂ ‘ಅದು ಹೇಗೆ?’ ಅಂತ ಕೇಳಬಾರದು. ‘ಯಾಕೆ?’ ಅಂತಲೂ ಕೇಳಬಾರದು. ಮಾಂಸ ಬೇಕಾದಷ್ಟು ತಿನ್ನು,” ಎಂದರು.

ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಎಂಬತ್ತರ ದಶಕ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಬಲ್ಮಠದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ; ಓದುವುದಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಗಳಿಗೆ ಓಡಾಡುತ್ತಿದ್ದೆ. ಗೆದ್ದು ತಂದ ಷೀಲ್ಡುಗಳು ಮನೆಯ ಕಪಾಟಿನ ಮೇಲೆ ಅಮ್ಮ ಹೆಣೆದ ಬಿಳಿ ಲೇಸಿನ ಬಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ವಾರದ ಪ್ರಾರ್ಥನೆಗೆಂದು ಅಮ್ಮ ಬಿಕರ್ನಕಟ್ಟೆಯ ಇಗರ್ಜಿಗೆ ಹೋಗುವಾಗ ನಾನೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು, “ಮೇಣದಬತ್ತಿ ಹಚ್ಚದವರ ಮಕ್ಕಳೂ ಪಾಸಾಗ್ತಾರಲ್ಲ, ಅದು ಹೇಗೆ?” ಎಂದು ಕೇಳುವವಳು. ಹಿಂದಿನ ಸೀಟಿನವರೂ ತಿರುಗಿ ನೋಡುತ್ತಿದ್ದರು. ಅಮ್ಮನಿಗೆ ಸಾಕಾಗಿದ್ದರೆ ಅದರಲ್ಲಿ ತಪ್ಪಿಲ್ಲ.

ನಾನು ಒಪ್ಪಿದ್ದು ಭಕ್ತಿಯಿಂದಲ್ಲ. ದೇವರನ್ನು ನಂಬದವರೂ ವ್ರತ ಹಿಡಿದು ನಡೆಸಬಲ್ಲರು ಎಂದು ಸಾಧಿಸುವುದಕ್ಕೆ ಒಪ್ಪಿದೆ. ಅದೂ ಒಂದು ವಾದವೇ ಎಂಬುದು ಅಮ್ಮನಿಗೆ ತಿಳಿಯದ್ದೇನಲ್ಲ. ತಿಳಿದೂ ಸುಮ್ಮನಿದ್ದರು.

ಆ ವ್ರತದ ದೆಸೆಯಿಂದ ಗಂಡಹೆಂಡತಿ ಇಬ್ಬರು ನಡುಸಮುದ್ರದಲ್ಲಿ ಮುಳುಗುವುದರಲ್ಲಿದ್ದರು, ಸ್ವಲ್ಪದರಲ್ಲಿ ತಪ್ಪಿತು ಎಂದರೆ ನಾನು ಮಾತು ಬೆಳೆಸುತ್ತಿದ್ದೇನೆ ಎನಿಸಬಹುದು. ಪುರಾವೆ ಮುಂದಿಡುತ್ತೇನೆ, ತೀರ್ಪು ನಿಮ್ಮದು.

ಹಳೆಯ ಬಂದರಿನಲ್ಲಿ ಅಪ್ಪನ ಅಂಗಡಿ. ಹಗ್ಗ, ಸರಪಳಿ, ರಾಟೆ, ಲಂಗರು, ಬಣ್ಣದ ಡಬ್ಬಿ, ತೂಗಿ ಕೊಡುವ ತಾಮ್ರದ ಮೊಳೆ: ದೋಣಿಯೊಂದನ್ನು ಬಿಟ್ಟು ದೋಣಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಪ್ಪನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋದೆ. ಅಂಗಡಿಯಲ್ಲಿ ಯಾರೂ ಇಲ್ಲ. ಹಮಾಲಿಗಳು, ಹಾಯಿಹಡಗಿನವರು, ಮೀನಿನ ಬುಟ್ಟಿಯ ಹೆಂಗಸರು ಎಲ್ಲರೂ ನದಿಯಂಚಿನ ಧಕ್ಕೆಯ ಕಟ್ಟೆ ತುದಿಯಲ್ಲಿ ನಿಂತಿದ್ದಾರೆ. ಅವರ ನಡುವೆ ಅಪ್ಪನೂ. ನದಿಯ ನಡುವೆ ಒಂದು ಹಾಯಿದೋಣಿ ಲಂಗರು ಹಾಕಿತ್ತು. ಅದಕ್ಕೆ ಬಣ್ಣವೇ ಬಳಿದಿರಲಿಲ್ಲ. ಬೂದು ಬಣ್ಣದ ಬರಿ ಲೋಹ, ಬಿಸಿಲಿಗೆ ಮಂಕಾಗಿ ಹೊಳೆಯುತ್ತಿತ್ತು.

“ಅಲ್ಮಿನಿ ಮಾರಾಯ ಅದು! ಅನ್ನದ ತಪಲೆ!”

“ಅಲ್ಮಿನಿಯಲ್ಲಿ ಯಾರಾದ್ರೂ ದೋಣಿ ಮಾಡ್ತಾರಾ?”

“ತಪಲೆ ತೇಲುದಿಲ್ವಾ? ತೊಳೆಯುವಾಗ ನೋಡ್ಲಿಲ್ವಾ ನೀನು?”

“ನಾನೆಲ್ಲಿ ತೊಳೆಯುದು? ಮನೆಯವಳನ್ನು ಕೇಳ್ಬೇಕು.”

ತೇಲುವುದು ಲೋಹವಲ್ಲ, ಆಕಾರ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ವ್ರತ. ನುಂಗಿದೆ.

ಸ್ವಲ್ಪ ಹೊತ್ತಿನಲ್ಲಿ ಆ ದೋಣಿಯವರು ಅಂಗಡಿಗೇ ಬಂದರು. ಗಂಡ, ಹೆಂಡತಿ. ಇಬ್ಬರಿಗೂ ಐವತ್ತರ ಆಸುಪಾಸು. ಗಂಡ ಉದ್ದ, ಸಪೂರ, ಮೂಗಿನ ಮೇಲೆ ಸುಲಿದ ಚರ್ಮ. ಹೆಂಡತಿ ಗಿಡ್ಡ, ಬಲೆ ಎಳೆಯುವವರಂಥ ತೋಳು. ಫ್ರಾನ್ಸಿನವರು. ಸ್ವಂತ ದೋಣಿಯಲ್ಲಿ ಮೂರು ವರ್ಷದಿಂದ ಸಮುದ್ರದ ಮೇಲೆಯೇ ಸಂಸಾರ. ಹೊಸ ಬಂದರಿನಲ್ಲಿ ಕಾಗದಪತ್ರ ಮುಗಿಸಿ, ರಿಪೇರಿಗೆಂದು ಅನುಮತಿ ಪಡೆದು ಇಲ್ಲಿಗೆ ಬಂದಿದ್ದರು. ಅವರ ಇಂಗ್ಲಿಷ್ ಕುಂಟುತ್ತಿತ್ತು. ಅಪ್ಪನದು ಬಿಲ್ ಬರೆಯುವಷ್ಟು ಮಾತ್ರ. ಅಪ್ಪ ನನ್ನನ್ನು ಮುಂದೆ ತಳ್ಳಿದರು.

“ಇವಳು ನನ್ನ ಮಗಳು. ಇಂಗ್ಲಿಷಿನಲ್ಲಿ ಜಗಳ ಮಾಡಿ ಕಪ್ ತಂದವಳು.”

ಅವರಿಗೆ ಬೇಕಾಗಿದ್ದದ್ದು ಒಂದು ಹಲಗೆ, ಅದನ್ನು ಕೆತ್ತಬಲ್ಲ ಒಬ್ಬ ಬಡಗಿ. ಚುಕ್ಕಾಣಿಗೆ ಸಂಬಂಧಿಸಿದ ಮರದ ಭಾಗವೊಂದು ಗೋವೆಯಿಂದ ಈಚೆ ತೇಲುವ ದಿಮ್ಮಿಗೆ ಬಡಿದು ಮುರಿದಿತ್ತು. ಅಪ್ಪ ತಲೆಯಾಡಿಸಿ, ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಕೆಂಪು ಬಣ್ಣದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ದೋಣಿಯ ತಳಕ್ಕೆ ಬಳಿಯುವ ತಾಮ್ರದ ಪೇಂಟ್. ಚಿಪ್ಪುಹುಳ ಕಟ್ಟುವುದಿಲ್ಲ. ಬಂದರಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆ ಮನುಷ್ಯ ಡಬ್ಬಿಯ ಚೀಟಿ ಓದಿದವನೇ ಹಾವು ಕಂಡವನಂತೆ ಹಿಂದೆ ಸರಿದ.

“ತಾಮ್ರ ಬೇಡವಂತೆ ಪಪ್ಪಾ. ಅವರ ದೋಣಿಗೆ ತಾಮ್ರ ಯಾವತ್ತೂ ಬೇಡವಂತೆ.”

“ಯಾಕಂತೆ? ಕೇಳು.”

ಅಪ್ಪನಿಗೆ ವ್ರತದ ಗೊಡವೆ ಇರಲಿಲ್ಲ. ನನಗಿತ್ತು. ‘ಯಾಕೆ’ ಎಂಬ ಶಬ್ದ ಈಸ್ಟರ್‌ವರೆಗೆ ನನ್ನದಲ್ಲ. ಬೇಕಾದರೆ ಅಪ್ಪನ ಪ್ರಶ್ನೆಯೆಂದು ಅನುವಾದಿಸಬಹುದಿತ್ತು. ಆದರೆ ವ್ರತ ಹಿಡಿದವರ ಗರ್ವ ಏನೆಂದು ಹಿಡಿದವರಿಗೇ ಗೊತ್ತು. “ಅವರಿಗೆ ಬೇಡವಂತೆ, ಅಷ್ಟೇ,” ಎಂದೆ.

ಅಪ್ಪ ಮುಚ್ಚಳ ಒತ್ತಿ ಹಾಕಿದರು. “ಬೇಡದಿದ್ರೆ ಬೇಡ. ನಮ್ಮ ಸಾಮಾನು ಇವರಿಗೆಲ್ಲಿ ಹಿಡಿಸ್ತದೆ?”

ಹಲಗೆಯ ಕೆಲಸಕ್ಕೆ ಅಪ್ಪ ಹೇಳಿಕಳಿಸಿದ್ದು ನದಿಯಾಚೆ ಬೆಂಗ್ರೆಯಲ್ಲಿದ್ದ ಮೇಸ್ತ್ರಿಗೆ. ಸರಕು ಸಾಗಿಸುವ ದೊಡ್ಡ ಹಾಯಿಹಡಗುಗಳಿಗೆ ನಮ್ಮಲ್ಲಿ ಮಂಜಿ ಎನ್ನುತ್ತಾರೆ. ಬಂದರಿನ ಅರ್ಧ ಮಂಜಿಗಳು ಅವರ ಕೈಯಿಂದ ನೀರಿಗಿಳಿದವು. ವಯಸ್ಸು ಎಪ್ಪತ್ತರ ಹತ್ತಿರ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಅಪ್ಪನನ್ನು “ಪೊರ್ಬುಲೆ” ಎಂದೂ, ಇಪ್ಪತ್ತು ವರ್ಷದ ನನ್ನನ್ನು “ಬಾಯಮ್ಮ” ಎಂದೂ ಬಹುವಚನದಲ್ಲಿ ಕರೆಯುವವರು. ತುಳುವರು ನಮ್ಮ ಕ್ರಿಸ್ತುವರನ್ನು ಕರೆಯುವ ರೀತಿ ಅದು. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಬರೆಯುವಾಗ ಅದು ಕನ್ನಡವಾಗಿದೆ.

ಮರುದಿನ ಮೇಸ್ತ್ರಿ, ನಾನು ಸಣ್ಣ ದೋಣಿಯಲ್ಲಿ ಆ ಹಾಯಿದೋಣಿಗೆ ಹೋದೆವು. ಮೇಸ್ತ್ರಿ ಚಪ್ಪಲಿ ಬಿಟ್ಟು ಹತ್ತಿ, ದೋಣಿಯ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿದರು.

“ಬಿಸಿಲಿಗೆ ಬೇಯುದಿಲ್ವಾ ಇವರು, ಇಡ್ಲಿಯ ಹಾಗೆ?”

ಬೇಯುತ್ತಿರಲಿಲ್ಲ. ಒಳಗೆ ಇಳಿದರೆ ಲೋಹವೇ ಕಾಣದು. ಗೋಡೆಗೆಲ್ಲ ದಪ್ಪ ಬೆಂಡು, ಅದರ ಮೇಲೆ ತೆಳು ಮರ. ಹೊರಗಿಗಿಂತ ತಂಪು. ಒಲೆಯನ್ನು ಎರಡು ಕೀಲುಗಳ ಮೇಲೆ ತೂಗುಹಾಕಿದ್ದರು. ದೋಣಿ ಎಷ್ಟು ವಾಲಿದರೂ ಪಾತ್ರೆ ನೆಟ್ಟಗೆ. ಕುಡಿಯುವ ನೀರಿನ ತೊಟ್ಟಿಗಳು, ರೇಡಿಯೋ, ನಕಾಶೆಯ ಮೇಜು, ಗಾಳಿಗೆ ತಿರುಗಿ ಬ್ಯಾಟರಿ ತುಂಬಿಸುವ ಸಣ್ಣ ಚಕ್ರ. ಹೊಟ್ಟೆಯಡಿಯ ಭಾರದ ಹಲಗೆಯನ್ನು ಮೇಲಕ್ಕೆಳೆದು ಆಳವಿಲ್ಲದ ನದಿಗೂ ನುಗ್ಗಬಹುದು. ಹಾಗಾಗಿಯೇ ನದಿ ಸಮುದ್ರ ಸೇರುವ ನಮ್ಮ ಅಳಿವೆ ದಾಟಿ ಒಳಗೆ ಬರಲು ಸಾಧ್ಯವಾದದ್ದು. ಹಗ್ಗಗಳೆಲ್ಲ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಕೂರುವ ಒಂದೇ ಗುಂಡಿಗೆ ಬಂದು ಸೇರುತ್ತಿದ್ದವು. ಆ ಹೆಂಗಸು ಕುಳಿತಲ್ಲಿಂದಲೇ ಒಂದು ಹಗ್ಗ ಎಳೆದರೆ ಮುಂದಿನ ಹಾಯಿ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡಿತು.

“ಅಯ್ಯೋ, ಬೀಡಿ ಸುತ್ತಿದ ಹಾಗೆ!” ಎಂದರು ಮೇಸ್ತ್ರಿ. “ಜನ ಎಷ್ಟು ಇದರಲ್ಲಿ?”

“ಇಬ್ಬರೇ.”

“ಗಂಡಹೆಂಡತಿಯಾ? ಜಗಳ ಆದ್ರೆ ಚುಕ್ಕಾಣಿ ಯಾರು ಹಿಡಿಯುದು? ಕೇಳಿ ಬಾಯಮ್ಮ.”

ಇದು ಅವರ ಪ್ರಶ್ನೆ, ಅದರಲ್ಲಿ ‘ಯಾಕೆ’ಯೂ ಇಲ್ಲ. ಅನುವಾದಿಸಿದೆ. ಹೆಂಗಸು ಗಂಭೀರವಾಗಿಯೇ ಉತ್ತರಿಸಿದಳು: “ಒಬ್ಬರು ಎಚ್ಚರ ಇದ್ದಾಗ ಇನ್ನೊಬ್ಬರು ನಿದ್ದೆ. ಜಗಳಕ್ಕೆ ಇಬ್ಬರೂ ಎಚ್ಚರ ಇರಬೇಕಲ್ಲ?”

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಗಂಟಲಿಗೆ ಹೋಗಿ ಕೆಮ್ಮಿದರು.

ಮುರಿದದ್ದನ್ನು ಗಂಡ ತೋರಿಸಿದ. ‘ನಮ್ಮ ಮೂರನೆಯವನು’ ಎಂದು ಅದಕ್ಕೆ ಅವರಿಟ್ಟ ಹೆಸರು. ದೋಣಿಯ ಬೆನ್ನಿನಲ್ಲಿ ಗಾಳಿಗೆ ಮುಖ ಮಾಡಿದ ಒಂದು ತೆಳು ಹಲಗೆ, ಅದಕ್ಕೆ ಜೋಡಿಸಿ ನೀರಿನೊಳಗೆ ಉದ್ದದ ಇನ್ನೊಂದು; ಮುರಿದದ್ದು ಇದೇ. ದೋಣಿ ದಾರಿ ತಪ್ಪಿದರೆ ಮೇಲಿನದು ಗಾಳಿಗೆ ವಾಲುತ್ತದೆ, ಕೆಳಗಿನದು ತಿರುಚುತ್ತದೆ, ಓಡುವ ನೀರಿನ ಬಲವೇ ಚುಕ್ಕಾಣಿ ಎಳೆದು ದೋಣಿಯನ್ನು ಸರಿದಾರಿಗೆ ತರುತ್ತದೆ. ಕರೆಂಟು ಬೇಡ, ನಿದ್ದೆ ಬೇಡ, ಅನ್ನ ಬೇಡ. ಅದು ಮುರಿದ ಮೇಲೆ ಅವರಿಬ್ಬರೂ ಸರದಿಯಲ್ಲಿ ಹಗಲುರಾತ್ರಿ ಚುಕ್ಕಾಣಿ ಹಿಡಿದು ಬಂದಿದ್ದರು. ಕಣ್ಣಿನ ಸುತ್ತ ಕಪ್ಪು ಕಾಣುತ್ತಿತ್ತು. ಮುಂದಿನ ದಾರಿ ಮಾಲ್ಡೀವ್ಸ್, ಅಲ್ಲಿಂದ ವಾರಗಟ್ಟಲೆ ತೆರೆದ ಸಮುದ್ರ. ಮಳೆಗಾಲದ ಗಾಳಿ ಏಳುವ ಮೊದಲು ದಾಟಬೇಕು.

“ಕೈಯಿಲ್ಲದ ಚುಕ್ಕಾಣಿ,” ಎಂದರು ಮೇಸ್ತ್ರಿ. ಟೇಪು ಕೊಟ್ಟರೆ ಮುಟ್ಟಲಿಲ್ಲ. ಸೊಂಟದಿಂದ ದಾರ ತೆಗೆದು ಅಳೆದು, ಅಳತೆಗೊಂದರಂತೆ ಗಂಟು ಹಾಕಿದರು. “ಐದು ದಿನ. ಹೆಬ್ಬಲಸಿನ ಮರದಲ್ಲಿ ಮಾಡಿ ಕೊಡ್ತೇನೆ.”

ದಡಕ್ಕೆ ಮರಳುವಾಗ ಅವರ ನಗು ಮಾಯವಾಗಿತ್ತು.

“ಬಾಯಮ್ಮ, ಅದಕ್ಕೆ ಕಾಸು ಇಟ್ಟಿರ್ಲಿಕ್ಕಿಲ್ಲ ಅಲ್ವಾ?”

“ಯಾವ ಕಾಸು?”

“ನಾನು ಕೈ ಹಾಕಿದ ಯಾವ ದೋಣಿಯೂ ಕಾಸಿಲ್ಲದೆ ಹೋಗುದಿಲ್ಲ. ಹಾಯಿಕಂಬದ ಬುಡದಲ್ಲಿ ಒಂದು ಒಟ್ಟೆ ಮುಕ್ಕಾಲು.” ನಡುವೆ ತೂತಿರುವ ಹಳೆಯ ತಾಮ್ರದ ಕಾಸು ಅದು, ಚಲಾವಣೆ ನಿಂತು ಎಷ್ಟೋ ಕಾಲವಾಗಿತ್ತು, ಮೇಸ್ತ್ರಿಯ ಡಬ್ಬಿಯಲ್ಲಿ ಮಾತ್ರ ಉಳಿದಿತ್ತು. “ಒಂದೇ ಸಲ ಇಡ್ಲಿಲ್ಲ. ನನ್ನ ತಮ್ಮನ ದೋಣಿ. ಮಳೆ ಬಿಟ್ಟ ಮೊದಲ ಮೀನಿಗೆ ಅವನಿಗೆ ಅರ್ಜೆಂಟು. ವಾಪಸು ಬಂದ ಮೇಲೆ ಇಡುವ ಅಂತ ಹೇಳಿದೆ. ಬರ್ಲಿಲ್ಲ. ಅಳಿವೆಯಲ್ಲೇ ಮಗುಚಿತು. ನಾನು ದಡದಲ್ಲಿ ನಿಂತು ನೋಡ್ತಾ ಇದ್ದೆ.”

ನನ್ನಲ್ಲಿ ವಾದ ಸಿದ್ಧವಿತ್ತು, ನಾಲ್ಕು ಅಂಶಗಳಲ್ಲಿ. ಕಾಸಿದ್ದೂ ಮುಳುಗಿದ ದೋಣಿಗಳೆಷ್ಟು? ಕಾಸಿಲ್ಲದೆ ಬಂದುಹೋಗುವ ಹಡಗುಗಳೆಷ್ಟು? ಆ ಸಲ ವ್ರತ ನನ್ನ ಬಾಯಿ ಕಟ್ಟಿದ್ದಕ್ಕೆ ಈಗಲೂ ನನಗೆ ಸಮಾಧಾನವಿದೆ. ಎಲ್ಲ ಸರಿ ಉತ್ತರಗಳೂ ಎಲ್ಲ ಹೊತ್ತಿಗೂ ಹೇಳುವಂಥವಲ್ಲ.

ಐದು ದಿನಕ್ಕೆ ಸರಿಯಾಗಿ ಹಲಗೆ ಬಂತು. ಹಲಗೆಯೆಂದರೆ ತಪ್ಪಾದೀತು. ಮುಂದೆ ದುಂಡು, ಹಿಂದೆ ಸಪೂರ, ಎಣ್ಣೆ ಕುಡಿದು ನುಣುಪಾದ ಮೈ. “ಅಂಜಲ್ ಮೀನಿನ ಬೆನ್ನು ನೋಡಿ ಮಾಡಿದ್ದು,” ಎಂದರು. ಗಂಡ ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ಹೆಂಡತಿಗೆ ಕೊಟ್ಟ. ಅವಳೂ ಹಾಗೇ ಮಾಡಿದಳು. ಇಬ್ಬರೂ ಹಿಂಬದಿಗೆ ಹೋಗಿ ಜೋಡಿಸತೊಡಗಿದರು.

ಆಗ ಮೇಸ್ತ್ರಿ ಒಳಗಿಳಿದರು. ನಾನು ನೀರು ಕುಡಿಯಲೆಂದು ಹಿಂದೆಯೇ ಇಳಿದವಳು ನೋಡಿದೆ: ಹಾಯಿಕಂಬದ ಬುಡದ ನೆಲಹಲಗೆ ಎತ್ತಿದ್ದಾರೆ. ಎಲೆಯಡಿಕೆಯ ಚೀಲದಿಂದ ಕುಂಕುಮ ಹಚ್ಚಿದ ಒಟ್ಟೆ ಮುಕ್ಕಾಲು ತೆಗೆದು, ದೈವದ ಹೆಸರು ಹೇಳಿ, ದೋಣಿಯ ಬರಿ ಲೋಹಕ್ಕೆ ತಾಗಿಸಿ ಒತ್ತಿದರು. ಕಾಸು ದೋಣಿಯ ಮೈಗೆ ತಾಗಬೇಕು, ಅದು ಕ್ರಮ. ಅಲುಗದ ಹಾಗೆ ಸುತ್ತ ರಾಳದ ಮುದ್ದೆ ಮೆತ್ತಿದರು. ತಲೆಯೆತ್ತಿದರೆ ನಾನು.

“ಹೇಳ್ಬೇಡಿ ಬಾಯಮ್ಮ. ಅವರಿಗೆ ನಗು ಬಂದೀತು.”

ನಾನು ತಲೆಯಾಡಿಸಿದೆ. ನನಗೆ ನನ್ನ ಮೇಲೆಯೇ ಮೆಚ್ಚುಗೆ ಹುಟ್ಟಿತು. ಬದುಕಿನಲ್ಲಿ ಮೊದಲ ಸಲ ಒಂದು ಮೂಢನಂಬಿಕೆಯನ್ನು ಕಣ್ಣೆದುರಿಗೇ ಹೋಗಗೊಟ್ಟಿದ್ದೆ. ಇರಲಿ, ಮುದುಕನ ಸಮಾಧಾನ; ಒಂದು ತುಂಡು ಲೋಹ ಏನು ಮಾಡೀತು?

ಮಾರನೇ ದಿನ ಮಧ್ಯಾಹ್ನ ಆ ಹೆಂಗಸು ನನ್ನನ್ನು ಕಾಫಿಗೆ ಕರೆದಿದ್ದಳು. ಅದರ ಮರುದಿನ ಬೆಳಿಗ್ಗೆಯ ಇಳಿತಕ್ಕೆ ಅವರು ಹೊರಡುವವರು. ಕಾಫಿ ಕುಡಿಯುತ್ತ ನೋಡಿದೆ: ಒಲೆಯ ಕೆಳಗೆ, ಮರದ ಹೊದಿಕೆ ತೆಗೆದಿದ್ದ ಕಡೆ, ದೋಣಿಯ ಮೈಗೆ ಅಂಗೈಯಗಲದ ತೇಪೆ ಬೆಸೆದಿತ್ತು. ನನ್ನ ದೃಷ್ಟಿ ಅವಳ ಗಮನಕ್ಕೆ ಬಂತು. ನಾನು ಕೇಳದಿದ್ದರೂ ಹೇಳಿದಳು.

ಎರಡು ವರ್ಷದ ಹಿಂದೆ ಯಾವುದೋ ಬಂದರಿನಲ್ಲಿ ರೇಡಿಯೋ ರಿಪೇರಿ ಮಾಡುವಾಗ ತಂತಿಯ ಚೂರೊಂದು ಕೆಳಗೆ ಬಿದ್ದಿತ್ತು. ಅಕ್ಕಿಕಾಳಿನಷ್ಟು ತಾಮ್ರ. ಯಾರೂ ನೋಡಲಿಲ್ಲ. ತಳದಲ್ಲಿ ಸದಾ ನಿಲ್ಲುವ ಒಂದು ಲೋಟ ಉಪ್ಪುನೀರಿನಲ್ಲಿ ಅದು ಸುಮ್ಮನೆ ಕುಳಿತು, ಬಿಳಿ ಹಿಟ್ಟು ಉದುರಿಸುತ್ತ ದೋಣಿಯನ್ನು ತಿಂದಿತು. ತೂತು ಬಿದ್ದದ್ದು ದಡ ಮೂರು ದಿನದ ದೂರ ಇರುವಾಗ. ಇವನು ನೀರು ಹೊರಹಾಕುತ್ತ, ಇವಳು ಚುಕ್ಕಾಣಿ ಹಿಡಿದು, ಸಾಬೂನು, ಬಟ್ಟೆ, ಹಲಗೆ ಒತ್ತಿ ಕಟ್ಟಿ ಹೇಗೋ ದಡ ಸೇರಿದರು. “ಅದಕ್ಕೇ ನಿನ್ನ ತಂದೆಯ ಪೇಂಟ್ ಬೇಡ ಎಂದದ್ದು. ಅವರಿಗೆ ಬೇಸರವಾಯಿತೋ ಏನೋ,” ಎಂದಳು.

ಲೋಟ ನನ್ನ ಕೈಯಲ್ಲೇ ಉಳಿಯಿತು. ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ... ಕೆಳಗೆಲ್ಲೋ ತಾಮ್ರ. ಆ ಶ್ರೇಣಿ ನನಗೆ ಜಪದಷ್ಟು ಬಾಯಿಪಾಠ. ಎರಡು ಲೋಹ, ನಡುವೆ ಉಪ್ಪುನೀರು; ಶ್ರೇಣಿಯಲ್ಲಿ ಕೆಳಗಿನದು ಮೇಲಿನದನ್ನು ತಿನ್ನುತ್ತದೆ. ಪ್ರಯೋಗ ಮಾಡಿ ಪೂರ್ತಿ ಅಂಕ ಪಡೆದವಳು ನಾನು. ಲ್ಯಾಬಿನಲ್ಲಿ ಅದು ಬೀಕರ್. ಇಲ್ಲಿ ಬೀಕರಿನೊಳಗೆ ಇಬ್ಬರು ಸಂಸಾರ ಹೂಡಿದ್ದರು.

ಕಾಸಿನ ವಿಷಯ ಹೇಳಿಬಿಟ್ಟೆ.

ಗಂಡ ಟಾರ್ಚು ಹಿಡಿದು ನೆಲಹಲಗೆ ಎತ್ತಿದ. ಕಾಸು ಅಲ್ಲೇ ಇತ್ತು, ಕುಂಕುಮ ಸಮೇತ. ಅವನ ಮುಖ ಕೆಂಪಾಯಿತು. ಉಳಿ ತೆಗೆದುಕೊಂಡ. “ತೆಗೆದು ಬಿಸಾಡಿದರಾಯಿತು. ಮುದುಕನಿಗೆ ಹೇಳುವುದೇ ಬೇಡ,” ಎಂದ. ತರ್ಕದಲ್ಲಿ ದೋಷವಿಲ್ಲ. ದೋಣಿ ಉಳಿಯುತ್ತದೆ, ಮೇಸ್ತ್ರಿಯ ನೆಮ್ಮದಿಯೂ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ನಾನೂ ಅದನ್ನೇ ಹೇಳಬಹುದಿತ್ತು. ಆದರೆ ಹೆಂಡತಿ ಅವನ ಕೈ ಹಿಡಿದಳು. ಹಿಡಿದು, ನನ್ನ ಕಡೆ ನೋಡಿದಳು, ಅಷ್ಟೇ.

ನನಗೆ ತಮ್ಮನ ದೋಣಿ ನೆನಪಾಗಿತ್ತು. ನಾಳೆ ಮೇಸ್ತ್ರಿ ಅದೇ ಅಳಿವೆಯ ದಡದಲ್ಲಿ, ಕಾಸು ಉಂಟು ಎಂಬ ಧೈರ್ಯದಲ್ಲಿ ನಿಂತಿರುತ್ತಾರೆ. ಅದು ಇಲ್ಲವೆಂದು ನನಗೊಬ್ಬಳಿಗೆ ಗೊತ್ತಿರುತ್ತದೆ. ಎದುರಾಳಿಯನ್ನು ಒಳಗೇ ಬಿಡದ ವೇದಿಕೆಯಲ್ಲಿ ಗೆದ್ದವರಿಗೆ ಯಾರೂ ಷೀಲ್ಡ್ ಕೊಡುವುದಿಲ್ಲ.

“ನಾನು ಅವರನ್ನೇ ಕರೆತರುತ್ತೇನೆ. ಸಂಜೆಯೊಳಗೆ,” ಎಂದೆ.

ಬೆಂಗ್ರೆಯಲ್ಲಿ ತೆಂಗಿನ ಮಡಲಿನ ಮಾಡಿನ ಕೆಳಗೆ ಅರ್ಧ ಕಟ್ಟಿದ ಮಂಜಿಯೊಂದು ನಿಂತಿತ್ತು. ಮೇಸ್ತ್ರಿ ಅದರ ನೆರಳಲ್ಲಿ ಉಳಿ ಮಸೆಯುತ್ತಿದ್ದರು. ಅಷ್ಟು ದೂರದಿಂದ ನಾನು ಓಡೋಡಿ ಬಂದದ್ದು ಕಂಡು ಎದ್ದರು.

“ಎಂತ ಆಯ್ತು? ಹಲಗೆ ತುಂಡಾಯ್ತಾ?”

“ಹಲಗೆ ಸರಿ ಉಂಟು. ಕಾಸು ತೆಗೀಬೇಕು ಮೇಸ್ತ್ರಿ.”

ನಾನು ಒಂದೇ ಉಸಿರಿಗೆ ತಾಮ್ರ, ಉಪ್ಪುನೀರು, ತಂತಿಯ ಚೂರು, ತೇಪೆ ಎಲ್ಲ ಹೇಳಿದೆ.

“ನಮ್ಮ ಮಂಜಿಗೆ ಮೈತುಂಬ ತಾಮ್ರದ ಮೊಳೆ. ಎಂತದೂ ಆಗುದಿಲ್ಲ.”

“ಅದು ಮರ. ಇದು ಅಲ್ಮಿನಿ. ನೀವು ಮಜ್ಜಿಗೆಯನ್ನು ತಾಮ್ರದ ಚೊಂಬಿನಲ್ಲಿ ಇಡ್ತೀರಾ?”

“ಯಾರಾದ್ರೂ ಇಡ್ತಾರಾ? ಕಿಲುಬು ಏಳ್ತದೆ.”

“ಮಣ್ಣಿನ ಪಾತ್ರೆಯಲ್ಲಿ?”

“ಅದರಲ್ಲಿ ಎಂತ ಆಗುದಿಲ್ಲ.” ಅವರು ಉಳಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. “ಹಾಗಾದ್ರೆ ಕಾಸಿಗೆ ಶಕ್ತಿ ಉಂಟು ಅಂತ ನೀವು ಒಪ್ತೀರಿ.”

ಮೇಸ್ತ್ರಿ ಮಸೆಯುವ ಕಲ್ಲನ್ನು ಬದಿಗೆ ಸರಿಸಿದರು.

“ಇಡುವಾಗ ನೀವು ಹಿಂದೆಯೇ ನಿಂತಿದ್ರಿ ಬಾಯಮ್ಮ. ಆಗ ಹೇಳ್ಲಿಲ್ಲ ಯಾಕೆ?”

“ಅದು ಏನೂ ಮಾಡುದಿಲ್ಲ ಅಂತ ತಿಳಿದೆ.”

“ನಾನು ಏನೋ ಮಾಡ್ತದೆ ಅಂತ ಇಟ್ಟೆ. ಆ ದೊರೆಸಾನಿ ಏನೋ ಮಾಡ್ತದೆ ಅಂತ ಹೆದರಿದ್ಳು. ಏನೂ ಮಾಡುದಿಲ್ಲ ಅಂತ ತಿಳಿದದ್ದು ನೀವೊಬ್ರೇ.”

ಬಲ್ಮಠದಿಂದ ಹುಬ್ಬಳ್ಳಿಯವರೆಗೆ ಎಷ್ಟೋ ವೇದಿಕೆ ಹತ್ತಿದ್ದೇನೆ. ಮೂರೇ ವಾಕ್ಯದಲ್ಲಿ ಯಾರೂ ನನ್ನನ್ನು ಹೀಗೆ ಕೆಳಗಿಳಿಸಿರಲಿಲ್ಲ. ಅದೂ ದನಿ ಏರಿಸದೆ. ಪುರಾವೆಯಿಲ್ಲದೆ ನಂಬಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವಳು, ‘ಏನೂ ಆಗುವುದಿಲ್ಲ’ ಎಂಬುದನ್ನು ಪುರಾವೆಯಿಲ್ಲದೆ ನಂಬಿದ್ದೆ. ಪುರಾವೆ ನನ್ನದೇ ನೋಟುಪುಸ್ತಕದಲ್ಲಿತ್ತು. ‘ತಾಮ್ರ ಬೇಡ’ ಎಂಬ ಮಾತನ್ನು ಅನುವಾದಿಸಿದ್ದೂ ನಾನೇ.

ಮೇಸ್ತ್ರಿ ಗೆದ್ದವರಂತೆ ಕಾಣಲಿಲ್ಲ. ಮಂಜಿಯ ಪಕ್ಕದ ದಿಮ್ಮಿಯ ಮೇಲೆ ಕುಳಿತರು.

“ತೆಗೀಬಹುದು. ತೆಗೆಯುದೇನು ದೊಡ್ಡ ಕೆಲಸ? ಆದ್ರೆ ಕಾಸಿಲ್ಲದೆ ನಾನು ಅವರನ್ನು ಕಳಿಸುದು ಹೇಗೆ, ಹೇಳಿ. ಒಂದು ಸಲ ಕಳಿಸಿದ್ದೇನೆ.”

ಕಾಸಿಲ್ಲದ್ದಕ್ಕೂ ತಮ್ಮ ಹೋದದ್ದಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಅದನ್ನು ಅವರಿಗೆ ಯಾರಾದರೂ ಹೇಳಿಯೇ ಇರುತ್ತಾರೆ. ನಾನೂ ದಿಮ್ಮಿಯ ಇನ್ನೊಂದು ತುದಿಯಲ್ಲಿ ಕುಳಿತೆ. ಅವರೇ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. “ನಡೀರಿ. ಬದುಕಿದವರನ್ನು ಮೊದಲು ನೋಡುವ.”

ಕಡವು ದಾಟಿಸುವವನು ಅವರ ಮುಖ ನೋಡಿ, “ಎಂತ ಮೇಸ್ತ್ರಿ, ಬಾಯಮ್ಮ ನಿಮ್ಮನ್ನು ಪೊಲೀಸ್ ಸ್ಟೇಷನ್‌ಗೆ ಕೊಂಡೋಗುದಾ?” ಎಂದ. ಯಾರೂ ನಗಲಿಲ್ಲ. ಮೇಸ್ತ್ರಿ ಇಬ್ಬರ ಬಾಡಿಗೆಯನ್ನೂ ತಾವೇ ಕೊಟ್ಟರು. ಅವನು ಚಿಲ್ಲರೆಯಾಗಿ ಐದು ಪೈಸೆಯ ನಾಣ್ಯ ಮರಳಿಸಿದ. ಚೌಕಾಕಾರದ, ಮೂಲೆ ದುಂಡಗಿನ, ಹಗುರ ಬಿಲ್ಲೆ. ಮೇಸ್ತ್ರಿಗೆ ಆ ನಾಣ್ಯಗಳನ್ನು ಕಂಡರಾಗದು. ‘ಗಾಳಿಗೆ ಹಾರುವ ದುಡ್ಡು’ ಎಂದು ಅಪ್ಪನ ಅಂಗಡಿಯಲ್ಲಿ ಯಾವಾಗಲೂ ಬೈಯುತ್ತಿದ್ದರು. ಆ ದಿನ ಅದನ್ನು ಚೀಲಕ್ಕೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡರು. ನದಿಯ ನಡುವೆ ಬಂದಾಗ ಕೇಳಿದರು:

“ಇದು ಎಂತದರದ್ದು ಬಾಯಮ್ಮ?”

ನಾನು ನೋಡಿದೆ. “ಅಲ್ಮಿನಿ.”

“ದೋಣಿಯದ್ದೇ?”

“ಹೆಚ್ಚುಕಡಿಮೆ ಅದೇ.”

“ಇದು ದೋಣಿಯನ್ನು ತಿನ್ನುದಿಲ್ವಾ?”

“ತಿನ್ನುದಿಲ್ಲ. ಎರಡೂ ಒಂದೇ ಆದ್ರೆ ಜಗಳ ಇಲ್ಲ.”

“ಹ್ಞಾ,” ಎಂದು ಮುಷ್ಟಿ ಮುಚ್ಚಿದರು.

ಒಟ್ಟೆ ಮುಕ್ಕಾಲನ್ನು ಅವರೇ ಬಿಡಿಸಿದರು, ದೋಣಿಗೆ ಗೀರು ಬೀಳದಂತೆ. ಅಡಿಯಲ್ಲಿ ಆಗಲೇ ಮಂಕಾದ ಒಂದು ಉಂಗುರ ಮೂಡಿತ್ತು, ನಡುವೆ ಚುಕ್ಕೆ. ಗಂಡ ಬೆರಳಿಟ್ಟು ತೋರಿಸಿದ. ಮೇಸ್ತ್ರಿ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡರು. ಕಾಸನ್ನು ಒರೆಸಿ ಎಲೆಯಡಿಕೆಯ ಚೀಲಕ್ಕೆ ಹಾಕಿದರು. “ನಮ್ಮ ಮಂಜಿಗೆ ಆಯ್ತು.” ಆಮೇಲೆ ಐದು ಪೈಸೆಯನ್ನು ಆ ಹೆಂಗಸಿನ ಕೈಯಲ್ಲಿಟ್ಟು, ನೀವೇ ಇಡಿ ಎಂದು ಸನ್ನೆ ಮಾಡಿದರು.

ಅವಳು ನನ್ನತ್ತ ನೋಡಿದಳು. ನಾನು ತಮ್ಮನ ವಿಷಯ ಹೇಳಿದೆ, ನಾಲ್ಕೇ ಮಾತಿನಲ್ಲಿ. ಗಂಡ ಆ ಬಿಲ್ಲೆಯನ್ನು ಚಾಕುವಿನ ತುದಿಯಿಂದ ಗೀರಿ ನೋಡಿದ. ಅವನೂ ನನ್ನ ಜಾತಿಯವನೇ, ಪರೀಕ್ಷಿಸದೆ ಬಿಡುವವನಲ್ಲ. ನೋಡಿ, ತಲೆಯಾಡಿಸಿ ಹೆಂಡತಿಗೆ ಮರಳಿಸಿದ. ಅವಳು ಮಂಡಿಯೂರಿ ಅದನ್ನು ಹಾಯಿಕಂಬದ ಬುಡದಲ್ಲಿಟ್ಟಳು. ಮೇಸ್ತ್ರಿ ರಾಳ ಮೆತ್ತಿದರು. ಮುಂದೆ ಮಳೆಗಾಲದಲ್ಲಿ ಅಪ್ಪನ ಅಂಗಡಿಗೆ ಅವರಿಂದ ಒಂದು ಕಾರ್ಡು ಬಂತು: ಮೂರನೆಯವನು ಆರೋಗ್ಯವಾಗಿದ್ದಾನೆ, ದೋಣಿಯ ತಳ ಒಣಗಿದೆ, ಐದು ಪೈಸೆ ಹಾಗೇ ಇದೆ.

ಕಾಸು ಬದಲಿಸಿದ ಆ ಸಂಜೆ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿ, ವ್ರತ ಮುರಿದೆ ಎಂದೆ.

“ವಾದ ಮಾಡಿದೆಯಾ?”

“ಮಾಡಿದೆ.”

“ಗೆದ್ದೆಯಾ?”

“ಇಲ್ಲ.”

“ಹಾಗಾದ್ರೆ ಮುರಿಯಲಿಲ್ಲ,” ಎಂದು ಅಮ್ಮ ಗಂಜಿ ಬಡಿಸಿದರು.

ಮರುದಿನ ಬೆಳಿಗ್ಗೆ ಬೆಂಗ್ರೆಯ ಮರಳದಿಣ್ಣೆಯ ತುದಿಯಲ್ಲಿ ಮೇಸ್ತ್ರಿ, ನಾನು ನಿಂತಿದ್ದೆವು. ನದಿ ಅಲ್ಲೇ ಸಮುದ್ರಕ್ಕೆ ಬಾಯಿ ತೆರೆಯುತ್ತದೆ. ಅಲ್ಮಿನಿ ದೋಣಿ ಎಂಜಿನಿನ ಸದ್ದು ಮಾಡುತ್ತ ನಮ್ಮೆದುರು ಹಾದುಹೋಯಿತು. ಅವಳು ಕೈ ಬೀಸಿದಳು, ಅವನು ಬೀಸಲಿಲ್ಲ, ಕಣ್ಣೆಲ್ಲ ಮುಂದಿನ ನೊರೆಯ ಮೇಲೆ. ಅಳಿವೆಯಲ್ಲಿ ಮೂತಿ ಒಮ್ಮೆ ಮೇಲೆದ್ದಿತು, ಬಿದ್ದಿತು. ಮತ್ತೊಮ್ಮೆ. ಮೇಸ್ತ್ರಿಯ ಕೈ ನನ್ನ ಮೊಣಕೈ ಹಿಡಿದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮೂರನೆಯ ಅಲೆಯ ಆಚೆ ದೋಣಿ ನೆಟ್ಟಗಾಯಿತು. ಕೈ ಸಡಿಲವಾಯಿತು.

ಇನ್ನಷ್ಟು ದೂರ ಹೋಗಿ ಎಂಜಿನ್ ನಿಲ್ಲಿಸಿದರು. ಗಂಡಹೆಂಡತಿ ಇಬ್ಬರೂ ಹಾಯಿಕಂಬದ ಬಳಿ ನಿಂತು ದೊಡ್ಡ ಹಾಯಿ ಏರಿಸತೊಡಗಿದರು. ಹಿಂದೆ, ಚುಕ್ಕಾಣಿಯಲ್ಲಿ, ಯಾರೂ ಇಲ್ಲ. ದೋಣಿ ಗೆರೆ ಎಳೆದ ಹಾಗೆ ಹೋಗುತ್ತಿತ್ತು.

“ನೋಡಿ, ನೋಡಿ. ಯಾರೂ ಹಿಡಿದಿಲ್ಲ.”

“ನಿಮ್ಮ ಹಲಗೆ ಹಿಡಿದಿದೆ ಮೇಸ್ತ್ರಿ.”

“ಹಲಗೆಯಾ, ಐದು ಪೈಸೆಯಾ?”

ನಾನು ಅವರ ಕಡೆ ತಿರುಗಿದೆ. ನಾಲ್ಕು ಅಂಶಗಳೂ ಸಾಲಾಗಿ ಎದ್ದು ನಿಂತವು.

“ಬೇಡ ಬಾಯಮ್ಮ,” ಎಂದರು ಕಣ್ಣು ಸಮುದ್ರದಿಂದ ತೆಗೆಯದೆ. “ನಿಮಗೆ ಈಸ್ಟರ್ ಆಗ್ಲಿಲ್ಲ ಅಂತ ಪೊರ್ಬುಗಳು ಹೇಳಿದ್ದಾರೆ.”

ಬಿಸಿಲು ಏರಿತು. ಹಾಯಿ ಮೊದಲು ಅಂಗೈಯಷ್ಟಾಯಿತು, ಆಮೇಲೆ ಉಗುರಿನಷ್ಟು. ನೀವು ಹೋಗಿ, ಕಾಲೇಜು ಉಂಟಲ್ಲ ಎಂದರು. ಅವರು ಹೋಗುವಂತೆ ಕಾಣಲಿಲ್ಲ. ನಾನೂ ಹೋಗಲಿಲ್ಲ.